ಹಲ್ಲು ಬಾರದ ಕವಡೆ

ಚಿಪ್ಪು ಸುಟ್ಟು ಸುಣ್ಣ ಮಾಡುವ ಗೂಡಿನ ಹಿಂದೆ, ಬೇಡವೆಂದು ಬಿಸಾಡಿದ ಚಿಪ್ಪಿನ ರಾಶಿಯ ಪಕ್ಕ ಬಿಳಿ ಶರ್ಟಿನ ಗಂಡಸೊಬ್ಬ ಮೊಣಕಾಲೂರಿ ಏನನ್ನೋ ಹೆಕ್ಕುತ್ತಿದ್ದ.

"ಎಂತ ಕಳೆದುಹೋಯ್ತು ನಿಮ್ಮದು?" ವಸುಮತಿ ಗದರಿದಳು.

"ಕಳೆದದ್ದಲ್ಲ, ಸಿಕ್ಕಿದ್ದು. ಇದನ್ನೆಲ್ಲ ಬಿಸಾಡಿದ ಪುಣ್ಯಾತ್ಮ ಯಾರು?"

"ನಾನೇ. ಒಳಗೆ ಕಲ್ಲು ಕಟ್ಟಿದ ಚಿಪ್ಪು ಸುಣ್ಣಕ್ಕೆ ಆಗುದಿಲ್ಲ."

ಆಗ ಆತ ತಲೆಯೆತ್ತಿದ. ಎತ್ತಿದ ತಲೆ ಮತ್ತೆ ಬಗ್ಗಲು ತುಸು ಹೊತ್ತೇ ಹಿಡಿಯಿತು.

ಅವನ ಹೆಸರು ಉದಯಶಂಕರ. ಹೊಸಂಗಡಿಯವನು, ಮದರಾಸಿನ ಕಾಲೇಜಿನಲ್ಲಿ ಭೂಗರ್ಭಶಾಸ್ತ್ರ ಕಲಿಸುತ್ತಿದ್ದ. ಐವತ್ತೊಂದರ ಬೇಸಿಗೆ ಅದು. ಕಾಸರಗೋಡಿನ ಹೊಳೆಬದಿಯ ಗದ್ದೆಯಲ್ಲಿ ಕೆರೆ ತೋಡಿದಾಗ ಸಿಕ್ಕ ಚಿಪ್ಪನ್ನೆಲ್ಲ ಗೂಡಿನ ಯಜಮಾನರಾದ ವಸುಮತಿಯ ಅಪ್ಪ ಹೊನ್ನಯ್ಯ ಗಾಡಿಗಟ್ಟಲೆ ತಂದಿದ್ದರು. ಅದರಲ್ಲಿ ಲಕ್ಷಗಟ್ಟಲೆ ವರ್ಷ ಹಿಂದಿನ ಕಡಲ ಬಸವನಹುಳುಗಳ ಚಿಪ್ಪುಗಳಿವೆ ಎಂದು ಕೇಳಿ, ರಜೆಗೆ ಬಂದವನು ಓಡಿ ಬಂದಿದ್ದ. "ಕಸ ಹೊರುವವರಿದ್ರೆ ಹೊರಲಿ," ಎಂದು ಹೊನ್ನಯ್ಯ ನಕ್ಕುಬಿಟ್ಟರು.

ಎರಡು ವಾರ ಜಗಲಿಯ ತುಂಬ ಚಿಪ್ಪು. ಉದ್ದ ಮೊನೆಯದು ಒಂದು ಕಡೆ, ಬುಗುರಿಯಂಥದ್ದು ಒಂದು ಕಡೆ, ಕವಡೆ ಇನ್ನೊಂದು ಕಡೆ. ಹುಟ್ಟಿದಾಗಿನಿಂದ ಚಿಪ್ಪು ಆರಿಸಿದ ಕೈ ವಸುಮತಿಯದು. ಅವನು ಪುಸ್ತಕ ತೆರೆಯುವಷ್ಟರಲ್ಲಿ ಅವಳು ಬೇರೆ ಮಾಡಿ ಇಟ್ಟಿರುತ್ತಿದ್ದಳು.

"ಚಿಪ್ಪಿನ ಬಾಯಿ ನೋಡಿ ಜಾತಿ ಹೇಳಬೇಕು. ಕವಡೆಗಾದ್ರೆ ಸಪೂರ ಬಾಯಿ, ಎರಡೂ ಅಂಚಿಗೆ ಹಲ್ಲು," ಎಂದು ಅವನು ಪಾಠ ಮಾಡಿದ.

"ನನ್ನ ಬಾಯಿ ನೋಡಿ ಎಂತ ಹೇಳ್ತೀರಿ?"

"ಅಂಥದ್ದು ಯಾವ ಪುಸ್ತಕದಲ್ಲೂ ಇಲ್ಲ."

ವಸುಮತಿ ಸೆರಗಿನಲ್ಲಿ ನಗು ಮುಚ್ಚಿಕೊಂಡಳು.

ಒಂದು ದಿನ ಅವನಿಗೆ ತೆಳ್ಳಗಿನ ಪುಟ್ಟ ಚಿಪ್ಪೊಂದು ಸಿಕ್ಕಿತು. ಅಗಲ ಬಾಯಿ, ಸುರುಳಿ ತುದಿ. ಮರುದಿನ ಅಂಥವು ಇನ್ನೂ ಮೂರು. ಅವನು ತಂದಿದ್ದ ಪುಸ್ತಕಗಳಲ್ಲಿ ಅದರ ಚಿತ್ರವಿರಲಿಲ್ಲ. ಹೊಸ ಜಾತಿಯೇ ಎಂದು ಕುಣಿದಾಡಿ, ಏಳು ಪುಟದ ಲೇಖನ ಬರೆದ. ಆ ಜಾತಿಗಿಟ್ಟ ಲ್ಯಾಟಿನ್ ಹೆಸರನ್ನು ಬೆರಳಿಟ್ಟು ತೋರಿಸಿದ. ಅದರಲ್ಲಿ 'ವಸುಮತಿ' ಎಂದಿತ್ತು.

ಶಾಲೆಯ ಹಾಜರಿ ಪುಸ್ತಕ, ರೇಷನ್ ಕಾರ್ಡು ಬಿಟ್ಟರೆ ಅವಳ ಹೆಸರನ್ನು ಯಾರೂ ಎಲ್ಲೂ ಬರೆದಿರಲಿಲ್ಲ. ಆ ದಿನ ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಅವನು ಹೊರಡುವ ದಿನ ಬಂತು. ನೆನಪಿಗೆ ಏನಾದರೂ ಕೊಡಬೇಕಲ್ಲ? ಆಟದ ಕವಡೆ ಮಾಡಿ ಕೊಡೋಣವೆಂದು ಅವಳು ಆ ಹಳೆಯ ಕವಡೆಯೊಂದನ್ನು ತೆಗೆದುಕೊಂಡಳು. ಆಟದ ಕವಡೆ ಸರಿಯಾಗಿ ಕೂರಬೇಕಾದರೆ ಬೆನ್ನು ತೇಯಬೇಕು. ಬಾವಿಕಟ್ಟೆಯ ಒರಟು ಕೆಂಪು ಮುರಕಲ್ಲಿಗೆ ಉಜ್ಜುತ್ತ ಹೋದಳು. ಬೆನ್ನು ಸವೆಯಿತು. ಒಳಗಿನ ಕಪ್ಪು ಕೆಸರುಗಲ್ಲಿನ ನಡುವೆ ಬಿಳಿ ಗೆರೆಯಲ್ಲಿ ಒಂದು ಪುಟ್ಟ ಚಿಪ್ಪು ಮೂಡಿತು. ಅದೇ ಅಗಲ ಬಾಯಿ, ಅದೇ ಸುರುಳಿ.

ಇನ್ನೊಂದನ್ನು ಉಜ್ಜಿದಳು. ಅದರಲ್ಲೂ ಅದೇ. ಹೊರಗಿನಿಂದ ಹೊಕ್ಕದ್ದಲ್ಲ, ಕವಡೆ ಎಳೆಯದಿದ್ದಾಗಿನ ಚಿಪ್ಪೇ ಅದು.

ವಸುಮತಿ ಎರಡೂ ಕವಡೆಗಳನ್ನು ಕಟ್ಟೆಯ ಮೇಲಿಟ್ಟಳು. ಹೇಳಿದರೆ ತನ್ನ ಹೆಸರು ಹೋಗುತ್ತದೆ. ಹೇಳದಿದ್ದರೆ ಮದರಾಸಿನ ಪಂಡಿತರೆದುರು ಅವನ ಮಾನ ಹೋಗುತ್ತದೆ. ಆ ಹೆಸರಿನ ಆಸೆ ಅವಳಿಗೆ ಸಣ್ಣದೇನೂ ಇರಲಿಲ್ಲ. ಬಾವಿಕಟ್ಟೆಯಲ್ಲೇ ಕೂತು ಸ್ವಲ್ಪ ಅತ್ತಳು, ಮುಖ ತೊಳೆದಳು.

ಮಧ್ಯಾಹ್ನ ಅವನು ಲೇಖನ ಹಾಕಿ ಅಂಟಿಸಿದ ಲಕೋಟೆ ಹಿಡಿದು ಹೇಳಿಹೋಗಲು ಬಂದ. ವಸುಮತಿ ತೇಯ್ದ ಕವಡೆಯನ್ನು ಅವನ ಅಂಗೈಯಲ್ಲಿಟ್ಟಳು.

"ನಿಮ್ಮದು ಬೇರೆ ಜಾತಿ ಅಲ್ಲ ಮಾರಾಯ್ರೆ. ಇದೇ ಕವಡೆ. ಹಲ್ಲು ಬಾರದ ಕೂಸು, ಅಷ್ಟೇ."

ಅವನು ಭೂತಗನ್ನಡಿ ತೆಗೆದು ನೋಡಿದ. ಮುಖ ಬಿಳಿಚಿತು. ಕವಡೆಯನ್ನು ಬೆಳಕಿಗೆ ಹಿಡಿದು ಇನ್ನೊಮ್ಮೆ ನೋಡಿ ಅವಳಿಗೆ ಮರಳಿಸಿದ.

"ನಿಮ್ಮ ಹೆಸರು ಹೋಯ್ತಲ್ಲ," ಎಂದ.

ಏಳು ಪುಟ ಹೋಯಿತೆನ್ನಲಿಲ್ಲ, ಅವಳ ಹೆಸರು ಹೋಯಿತೆಂದ.

"ಹೋಗ್ಲಿ. ಅಲ್ಲಿ ಯಾರಾದ್ರೂ ನಿಮ್ಮನ್ನು ನೋಡಿ ನಗಾಡಿದ್ರೆ ನನಗೆ ತಡ್ಕೊಳ್ಳಿಕ್ಕೆ ಆಗುದಿಲ್ಲ."

ಹೇಳಿದ ಮೇಲೆಯೇ ತಾನು ಎಷ್ಟು ಹೇಳಿಬಿಟ್ಟೆ ಎಂದು ಅವಳಿಗೆ ಹೊಳೆದದ್ದು. ಕಿವಿ ಬಿಸಿಯಾಯಿತು.

ಉದಯಶಂಕರ ಲಕೋಟೆ ಹರಿದ. ಜಗಲಿಯಲ್ಲಿ ಕೂತು ಒಂದು ಚೀಟಿ ಬರೆದ: 'ಕವಡೆ, ಒಳಗೆ ಅದರ ಎಳೆಯ ರೂಪ. ಗುರುತಿಸಿದವರು: ವಸುಮತಿ, ಕಾಸರಗೋಡು.'

"ಈ ಹೆಸರನ್ನು ಇನ್ನು ಯಾರಿಗೂ ತೆಗೀಲಿಕ್ಕೆ ಆಗುದಿಲ್ಲ," ಎನ್ನುತ್ತ ಚೀಟಿ ಕಟ್ಟಲು ಕವಡೆಗೆ ಕೈ ಚಾಚಿದ.

ವಸುಮತಿ ಮುಷ್ಟಿ ಮುಚ್ಚಿಕೊಂಡಳು.

"ಕೊಡಿ. ಅದಿಲ್ಲದೆ ನಾನು ಪುನಃ ಬರೆಯುದು ಹೇಗೆ?"

"ಇಲ್ಲಿಗೇ ಬಂದು ಬರೀರಿ. ಬರುವಾಗ ನಿಮ್ಮ ಅಮ್ಮನನ್ನೂ ಕರ್ಕೊಂಡು ಬನ್ನಿ."

ಅವನು ಅವಳ ಮುಷ್ಟಿ ನೋಡಿದ, ಮುಖ ನೋಡಿದ. "ಯಾವತ್ತು?"

"ಭಾನುವಾರ. ಅವತ್ತು ಗೂಡಿಗೆ ಬೆಂಕಿ ಇಲ್ಲ. ಅಪ್ಪ ಅಂಗಿ ಹಾಕ್ಕೊಂಡು ಕೂತಿರ್ತಾರೆ."

ಮದರಾಸಿಗೆ ಹೋಗಬೇಕಾದವನು ಅಂದು ಅಮ್ಮನಿದ್ದ ಹೊಸಂಗಡಿ ಕಡೆಯ ಬಸ್ಸು ಹತ್ತಿದ. ಭಾನುವಾರಕ್ಕೆ ಇನ್ನು ಎರಡೇ ದಿನ ಇತ್ತು.