ಹೊಸಿಲು ದಾಟದೆ ಹೋದವನು

"ಲೇ ಸುನಂದಾ, ಬಾಗ್ಲಲ್ಲಿ ನಿಂತಿರೋದು ಮನುಷ್ಯನೇನೇ, ಇಲ್ಲಾ ನೆಂದಿರೋ ಬೆದರುಬೊಂಬೇನಾ? ಒಳಗೆ ಕರಿಯೇ!"

ದೊಡ್ಡಮುನಿಯಮ್ಮಜ್ಜಿ ಮಂಚದ ಮೇಲಿಂದಲೇ ಕೂಗಿದಳು. ಸುನಂದ ಕೈ ಒರೆಸಿಕೊಳ್ಳುತ್ತಾ ಬಾಗಿಲಿಗೆ ಬಂದಳು. ಬಂದವಳು ಅಲ್ಲೇ ನಿಂತುಬಿಟ್ಟಳು.

ಮುರಳಿ!

ಐದು ವರ್ಷ... ತಲೆಗೆ ಗೊಬ್ಬರದ ಚೀಲ ಮಡಚಿ ಹೊದ್ದು, ಅದೇ ಹೊಸಿಲಿನ ಆಚೆ, ಅದೇ ಮುರಳಿಮೋಹನ. ಪಕ್ಕದಲ್ಲಿ ಟಾರ್ಪಾಲು ಸುತ್ತಿದ ಎರಡು ಮೂಟೆ.

"ನಿಮ್ಮಜ್ಜಿ ಫೋನ್ ಮಾಡಿದ್ರು. ಹುಳಕ್ಕೆ ಒಣ ಸೊಪ್ಪಿಲ್ಲ ಅಂದ್ರು. ತಂದಿದೀನಿ."

"ತಂದಾಯ್ತಲ್ಲ. ಹೊರಡಿ."

"ಹೊರಡೋಕೆ ದಾರಿ ಇಲ್ಲ. ನಾನು ದಾಟಿದ್ದೇ ತಡ, ಕೆರೆ ಕೋಡಿ ಬಿತ್ತು. ರಸ್ತೆ ಮೇಲೆ ಸೊಂಟದುದ್ದ ನೀರು."

"ರಾ ನಾಯನಾ, ನೀನು ಒಳಗೆ ಬಾ!" ಅಜ್ಜಿಯ ಆಜ್ಞೆ.

ಅವನು ಬರಲಿಲ್ಲ. "ಕಾಲಿಗೆ ಸುಣ್ಣದ ನೀರು ಇಡ್ತೀಯಾ?" ಎಂದ ಮೆಲ್ಲಗೆ.

ರೇಷ್ಮೆ ಹುಳ ಸಾಕುವ ಮನೆಗೆ ಬರುವವರು ಸುಣ್ಣದ ನೀರಲ್ಲಿ ಕಾಲು ಅದ್ದಿಯೇ ಬರಬೇಕು, ಅದು ರೂಢಿ. ಆದರೂ ಸುನಂದಳಿಗೆ ಉರಿದುಹೋಯಿತು.

"ಅವತ್ತೂ ಹೊಸಿಲು ದಾಟ್ಲಿಲ್ಲ. ಇವತ್ತೂ ಒಂದು ನೆಪ ಬೇಕಾ?"

ಅವಳು ಸುಣ್ಣದ ನೀರಿನ ಬೋಗುಣಿಯನ್ನು ಸದ್ದಾಗುವಂತೆ ಕುಕ್ಕಿದಳು. ಅವನು ಕಾಲು ಅದ್ದಿ ಒಳಗೆ ಬಂದ.

ತುಫಾನು ಹಿಡಿದು ಅದು ಮೂರನೇ ದಿನ. ಚೆನ್ನೈ ಕಡೆ ಎಲ್ಲೋ ಎದ್ದ ಗಾಳಿಗೆ ಹುತ್ತೂರಿನ ಸುತ್ತಲ ಹಳ್ಳಿಗಳೆಲ್ಲ ನೆಂದು ನಡುಗುತ್ತಿದ್ದವು. ಕರೆಂಟಿಲ್ಲ. ಮುಳಬಾಗಿಲಿಗೆ ನಾಮಕರಣಕ್ಕೆ ಹೋದ ಅಪ್ಪ ಅಮ್ಮ ಅಲ್ಲೇ ಸಿಕ್ಕಿಕೊಂಡಿದ್ದರು. ನಡುಮನೆ ತುಂಬ ತಟ್ಟೆಗಳು, ತಟ್ಟೆ ತುಂಬ ಹುಳ. ಗೂಡು ಕಟ್ಟಲು ಇನ್ನು ಎರಡೇ ದಿನ. ಹೊಟ್ಟೆಬಾಕತನ ಮಾಡುವ ಹೊತ್ತು! ಒದ್ದೆ ಸೊಪ್ಪು ಹಾಕಿದರೆ ರೋಗ, ಹಾಕದಿದ್ದರೆ ಹಸಿವು.

"ಎರಡು ಮೂಟೆ ಒಂದು ಹೊತ್ತಿಗಾದೀತು. ಮನೇಲಿ ನೆಂದಿರೋ ಸೊಪ್ಪನ್ನ ಕೂತ್ಕೊಂಡು ಒರೆಸಿ, ಇಬ್ರೂ," ಎಂದಳು ಅಜ್ಜಿ. "ಬಾಯಿಗೆ ಬೀಗ ಹಾಕ್ಕೊಂಡ್ರೂ ಸರಿ, ಕೈ ಆಡ್ತಾ ಇರ್ಲಿ."

ಹಳೇ ಪಂಚೆಯ ಚೂರು ಹಿಡಿದು ಇಬ್ಬರೂ ಎದುರುಬದುರು ಕೂತರು. ಒಂದೊಂದೇ ಎಲೆ. ಒರೆಸಿ, ತಿರುಗಿಸಿ, ಮತ್ತೆ ಒರೆಸಿ...

ಸುನಂದಳಿಗೆ ಬೇಡವೆಂದರೂ ನೆನಪಾಯಿತು. ಪಕ್ಕದ ಮನೆಯಲ್ಲಿ ಆಗ ಇದ್ದ ಅಜ್ಜಿಯ ಮೊಮ್ಮಗ ಅವನು; ಆ ಮನೆಗೆ ಈಗ ಬೀಗ. ದೀಪಾವಳಿ ರಜೆಗೆ ಬಂದರೆ ಪ್ರತಿ ವರ್ಷವೂ ಇಂಥದ್ದೇ ಮಳೆ. ಹೀಗೇ ಎಲೆ ಒರೆಸುತ್ತಿದ್ದರು. ಕೈ ನೋವು ಬಂದರೆ ನೆಲದ ಮೇಲೆ ಇದ್ದಿಲಲ್ಲಿ ಚೌಕಾಬಾರದ ಮನೆ. ಎದುರಾಳಿಯ ಒಂದು ಕಾಯನ್ನಾದರೂ ಹೊಡೆಯದೆ ಒಳಮನೆಗೆ ಹೋಗುವಂತಿಲ್ಲ. ಆದರೆ ಮುರಳಿ ಅವಳ ಕಾಯನ್ನು ಹೊಡೆಯುತ್ತಲೇ ಇರಲಿಲ್ಲ! ಸುತ್ತಿ ಸುತ್ತಿ ಸೋಲುತ್ತಿದ್ದ. ಸೋತು ನಗುತ್ತಿದ್ದ.

'ಆ ನಗುವನ್ನೇ ನಂಬಿದ್ದೆನಲ್ಲ...'

ಐದು ವರ್ಷದ ಹಿಂದೆ ಒಂದು ಭಾನುವಾರ ಅವನ ಮನೆಯವರು ಹೆಣ್ಣು ಕೇಳಲು ಬರುವುದಿತ್ತು. ಒಬ್ಬಟ್ಟಾಗಿತ್ತು. ನೆಂಟರು ಕೂತಿದ್ದರು. ಬಂದದ್ದು ಅವನೊಬ್ಬನೇ. ಹೊಸಿಲಾಚೆ ನಿಂತ. ಅವಳನ್ನು ನೋಡಿದ. ಒಂದು ಮಾತೂ ಆಡದೆ ತಿರುಗಿ ಹೋದ! ಬೀದಿಗೆ ಬೀದಿಯೇ ನೋಡಿತು. ಅಂದು ಸಂಜೆಯೇ ಅವಳು ಆಟದ ನಾಲ್ಕು ಕವಡೆಗಳನ್ನು ಪೊಟ್ಟಣ ಕಟ್ಟಿ ಅವನ ಅಜ್ಜಿಯ ಕೈಲಿ ವಾಪಸು ಕಳಿಸಿದ್ದಳು. ಆಮೇಲೆ ಬಂದ ಗಂಡುಗಳನ್ನೆಲ್ಲ ಬೇಡವೆಂದದ್ದು ಯಾಕೆ ಎಂದು ಮಾತ್ರ ಯಾರಿಗೂ ಹೇಳಿರಲಿಲ್ಲ.

'ಯಾಕೆ ಹೋದೆ?' ಇದೊಂದೇ ಪ್ರಶ್ನೆ. ಮಳೆ ನಿಂತರೆ ಅವನು ಹೊರಟುಬಿಡುತ್ತಾನೆ. ಈಗ ಕೇಳದಿದ್ದರೆ ಇನ್ನು ಯಾವತ್ತೂ ಇಲ್ಲ...

ಕೇಳಲಾಗದೆ ಅವಳು ಸೊಪ್ಪೆತ್ತಿಕೊಂಡು ತಟ್ಟೆಗಳ ಕಡೆ ಹೋದಳು.

"ಅಯ್ಯೋ!"

ಮೂಲೆಯ ತಟ್ಟೆಯಲ್ಲಿ ಒಂದು ಹುಳ ಸೆಟೆದು ಬಿದ್ದಿತ್ತು. ಮೈಯೆಲ್ಲ ಬೆಳ್ಳಗೆ, ಸುಣ್ಣ ಬಳಿದ ಕಡ್ಡಿಯಂತೆ.

"ಮುಟ್ಬೇಡ! ಕೈ ಹಿಂದಕ್ಕೆ ತಗೋ!"

ಮುರಳಿ ಒಂದೇ ನೆಗೆತಕ್ಕೆ ಬಂದ. ಎರಡು ಕಡ್ಡಿಯಲ್ಲಿ ಹುಳ ಎತ್ತಿದ, ಒಲೆಗೆ ಹಾಕಿದ. ದೀಪ ಹಿಡಿದು ಒಂದೊಂದೇ ತಟ್ಟೆ ನೋಡಿದ. ಮೂಲೆಯ ತಟ್ಟೆಯನ್ನೇ ಬೇರೆ ಇಟ್ಟು, ಉಳಿದದ್ದಕ್ಕೆಲ್ಲ ಸುಣ್ಣದ ಪುಡಿ ಜರಡಿ ಹಿಡಿದ.

"ಒಂದೇ... ಒಂದೇ ಇರೋದು. ಬೇಗ ಕಣ್ಣಿಗೆ ಬಿತ್ತು. ಹೆದರ್ಬೇಡ ಸುನಂದಾ."

"ಇಷ್ಟೆಲ್ಲ ಹೆಂಗೆ ಗೊತ್ತು ನಿಮಗೆ?"

ಅವನು ಜರಡಿ ಕೊಡವತೊಡಗಿದ.

"ಹೇಳಿ!"

"ಒಂದ್ಸಲ ಹಿಂಗೇ ಆಗಿತ್ತು. ನಮ್ಮನೇಲಿ. ಒಂದಲ್ಲ... ಮನೆ ಪೂರ್ತಿ."

"ಯಾವಾಗ?"

"ಆ ಭಾನುವಾರ ಬೆಳಿಗ್ಗೆ."

ಅವಳ ಕೈಯಲ್ಲಿದ್ದ ಸೊಪ್ಪು ನೆಲಕ್ಕೆ ಬಿತ್ತು.

"ನಾವು ಮರಿ ಹುಳ ಸಾಕಿ ಊರೂರಿಗೆ ಕೊಡೋರು. ಸುಣ್ಣಕಟ್ಟು ರೋಗ ಬಂತು ಅಂದ್ರೆ ಇನ್ಯಾರು ತಗೋತಾರೆ? ಒಂದು ಹುಳಾನೂ ಆಚೆ ಬಿಡ್ದೆ ಎಲ್ಲಾ ಸುಟ್ಟಾಕಿದ್ವಿ. ಯಾರ ಹತ್ರಾನೂ ಬಾಯಿ ಬಿಡ್ಬೇಡ ಅಂತ ಅಪ್ಪ ಆಣೆ ಹಾಕಿಸ್ಕೊಂಡ್ರು. ಆದ್ರೂ ನಿನಗೊಬ್ಬಳಿಗೆ ಹೇಳಣಾಂತ ಓಡಿಬಂದೆ. ಬಂದ್ರೆ... ನಡುಮನೆ ತುಂಬ ಹುಳ. ನಿಮ್ಮಪ್ಪನ ವರ್ಷದ ಅನ್ನ. ನನ್ನ ಕಾಲಲ್ಲಿ, ಬಟ್ಟೇಲಿ ಆ ರೋಗ ಇತ್ತು ಕಣೇ. ಹೆಂಗೆ ದಾಟ್ಲಿ ಹೊಸಿಲನ್ನ?"

"ಆಚೆಯಿಂದ್ಲೇ ಒಂದು ಮಾತು ಕೂಗಿದ್ರೆ ಆಗ್ತಿರ್ಲಿಲ್ವಾ?"

"ಅಷ್ಟು ಜನದ ಮುಂದೆ ಏನಂತ ಕೂಗ್ಲಿ? ಮನೆ ತೊಳೆದು ತಿಂಗಳು ಬಿಟ್ಟು ಬರಣಾಂತಿದ್ದೆ. ಅಷ್ಟ್ರಲ್ಲಿ ನೀನು ಕವಡೆ ಕಳಿಸ್ದೆ. ಇನ್ನು ಬೇಡ ಅಂತ ಹೇಳಿದ್ದೀಯ ಅಂದ್ಕೊಂಡೆ."

"ಅದು ಸಿಟ್ಟು ಕಣೋ, ದಡ್ಡ!" 'ನೀವು' ಯಾವಾಗ ಜಾರಿಹೋಯಿತೋ ಅವಳಿಗೇ ತಿಳಿಯಲಿಲ್ಲ. "ಸಿಟ್ಟು ಬಂದ್ರೆ ಜಗಳ ಆಡ್ಬೇಕು. ಐದು ವರ್ಷ ಓಡಿಹೋಗ್ತಾರಾ?"

ಮುರಳಿ ಜೇಬಿಗೆ ಕೈ ಹಾಕಿದ. ಹಳೇ ಪೊಟ್ಟಣ. ನಾಲ್ಕು ಕವಡೆ.

"ಇಲ್ಲೇ ಇವೆ. ಆಡ್ತೀಯಾ?"

ಅವಳು ಮೂಗು ಒರೆಸಿಕೊಂಡು ಒಲೆಯಿಂದ ಇದ್ದಿಲು ತಂದಳು.

ಹುಳಗಳಿಗೆ ಒಣ ಸೊಪ್ಪು ಬಿತ್ತು. ಸಾವಿರಾರು ಬಾಯಿಗಳು ಒಮ್ಮೆಲೇ ಮೇಯತೊಡಗಿದವು... ಸರಸರ, ಸರಸರ. ಹೊರಗೊಂದು ಮಳೆ, ಒಳಗೊಂದು ಮಳೆ. ಇಬ್ಬರೂ ಬಗ್ಗಿ ಕೂತರು. ಎಷ್ಟು ಆಟವಾಯಿತೋ! ಮುರಳಿ ಈಗಲೂ ಅವಳ ಕಾಯನ್ನು ಬಿಟ್ಟು ಬಿಟ್ಟು ನಡೆಸುತ್ತಿದ್ದ.

ಸುನಂದ ತನ್ನ ಕಾಯನ್ನು ಬೆರಳಿನಿಂದ ತಳ್ಳಿ ಅವನ ಕಾಯ ಮುಂದೆಯೇ ಇಟ್ಟಳು.

"ಹೊಡಿ."

"ಇದು ಮೋಸ ಕಣೇ."

"ಹೊಡೀದೆ ಒಳಮನೆಗೆ ಬರೋ ಹಾಗಿಲ್ಲ. ಬರಲ್ವಾ?"

ಮುರಳಿಯ ಕಣ್ಣು ತುಂಬಿತು. ನಿಧಾನವಾಗಿ, ಜೀವಮಾನದಲ್ಲಿ ಮೊದಲ ಸಲ, ಅವಳ ಕಾಯನ್ನು ಹೊಡೆದ.

"ಮಳೆ ನಿಂತಂಗಿದೆ ಅಲ್ವೇನೇ?" ಕಂಬಳಿಯೊಳಗಿಂದ ಅಜ್ಜಿ ಕೇಳಿದಳು.

ಸುನಂದ ಕಿಟಕಿ ನೋಡಿದಳು. ಹೊರಗೆ ಹನಿಯೂ ಇರಲಿಲ್ಲ. ಹುಣಸೆ ಮರದ ಮೇಲೆ ಸಂಜೆಯ ಇಳಿಬಿಸಿಲು ಬಿದ್ದಿತ್ತು. ಒಳಗೆ ಮಾತ್ರ ಹುಳಗಳ ಸರಸರ.

"ಇಲ್ಲಜ್ಜಿ... ಇನ್ನೂ ಹುಯ್ತಾನೇ ಇದೆ. ಕೇಳಿಸ್ತಿಲ್ವಾ?"

"ಕೇಳಿಸ್ತದೆ ತಾಯಿ, ಕೇಳಿಸ್ತದೆ. ಆಡ್ಕೊಳ್ಳಿ."

ಸ್ವಲ್ಪ ಹೊತ್ತಿಗೆ ಅಜ್ಜಿ ಮೆಲ್ಲನೆ ಎದ್ದಳು. ಗೋಡೆ ಹಿಡಿದು ಬಾಗಿಲಿಗೆ ಹೋದಳು. ಮೆಟ್ಟಿಲ ಮೇಲೆ ಬಿಸಿಲು ಕಾಯುತ್ತಿದ್ದ ಮುರಳಿಯ ಚಪ್ಪಲಿಗಳನ್ನು ಎತ್ತಿ, ಸುಣ್ಣದ ನೀರಲ್ಲಿ ಅದ್ದಿ, ಒಳಗೆ ತಂದು ಮನೆಯವರ ಚಪ್ಪಲಿಗಳ ಸಾಲಿನಲ್ಲಿಟ್ಟಳು.