ತಿರುಗಿ ಕೂತ ಆಯಿಲ್ ಸೀಲು

ಜೀಪಿನ ಹಿಂದಿನ ಎಡಗಾಲಿಯ ನಡುವಿನ ಹಬ್ಬು ಕಳಚಿ ಕೈಗೆ ಬಂದ ಕೂಡಲೇ ಪಾಲಾಕ್ಷನಿಗೆ ತಪ್ಪು ಯಾರದೆಂದು ಗೊತ್ತಾಯಿತು. ತಪ್ಪು ಅವನದೇ.

ಅಂಗೈಯಗಲದ ಉಕ್ಕಿನ ಬಳೆ, ಅದರೊಳಗೆ ಕೂರಿಸಿದ ಚರ್ಮದ ಪಟ್ಟಿ. ಆಯಿಲ್ ಸೀಲು ಎಂದರೆ ಇಷ್ಟೇ. ಚರ್ಮದ ತುಟಿ ಬೇರಿಂಗಿನ ಕಡೆಗೆ ಇರಬೇಕಿತ್ತು. ಅದು ಬ್ರೇಕಿನ ಕಡೆಗೆ ಮುಖ ಮಾಡಿ ಕೂತಿತ್ತು. ಒಳಗಿನ ಎಣ್ಣೆ ಅದನ್ನು ಸುಲಭವಾಗಿ ಸರಿಸಿಕೊಂಡು ಹೊರಗೆ ಬಂದು ಬ್ರೇಕ್ ಡ್ರಮ್ಮನ್ನೆಲ್ಲ ನೆನೆಸಿತ್ತು. ಹದಿನೈದು ದಿನದ ಹಿಂದೆ ಅದನ್ನು ಹಾಗೆ ಕೂರಿಸಿದ್ದು ಅವನ ಕೈಯೇ.

ಅವನು ಅತ್ತಿತ್ತ ನೋಡಿ, ಸೀಲನ್ನು ಗೋಣಿತಾಟಿನ ಕೆಳಗೆ ಸರಿಸಿದ.

ಜೀಪು ಹೊಳೆನರಸೀಪುರದ ಕೊಬ್ಬರಿ ವ್ಯಾಪಾರಿ ಪಂಚಾಕ್ಷರಯ್ಯನವರದು. ಯುದ್ಧ ಮುಗಿದ ಮರುವರ್ಷ, ಸಾವಿರದ ಒಂಬೈನೂರ ನಲವತ್ತಾರರಲ್ಲಿ, ಬೆಂಗಳೂರಿನ ಮಿಲಿಟರಿ ಹರಾಜಿನಲ್ಲಿ ಕೊಂಡದ್ದು. ನಾಲ್ಕು ಗಾಲಿಗೂ ಎಂಜಿನ್ನಿನ ಶಕ್ತಿ ಹೋಗುವ ಗಾಡಿ ಅದು, ಹೊಳೆಯಲ್ಲೂ ಇಳಿಯುತ್ತದೆ, ದಿಣ್ಣೆಯನ್ನೂ ಹತ್ತುತ್ತದೆ. ಅರಕಲಗೂಡು ಕಡೆಯ ಹಳ್ಳಿಗಳಿಗೆ ಕಾಯಿ ಖರೀದಿಗೆ ಹೋಗಲು ಅದಕ್ಕಿಂತ ಒಳ್ಳೆಯದು ಇರಲಿಲ್ಲ. ಬರ್ಮಾದಲ್ಲಿ ಮಿಲಿಟರಿ ಗಾಡಿಗಳ ಮೆಕ್ಯಾನಿಕ್ ಆಗಿದ್ದು, ಚನ್ನರಾಯಪಟ್ಟಣದ ರಸ್ತೆ ಬದಿಯಲ್ಲಿ ಈಗ ಶೆಡ್ಡು ಹಾಕಿದ್ದ ಪಾಲಾಕ್ಷನೇ ಅದರ ರಿಪೇರಿಗೆ ಬರುತ್ತಿದ್ದ.

ಹೊಳೆಯಲ್ಲಿ ಇಳಿಯುವ ಗಾಡಿ ಎಂಬುದೇ ಅವನ ತಲೆ ಕೆಡಿಸಿದ್ದು. ಬ್ರೇಕಿನ ಕಡೆಯಿಂದ ನೀರು ನುಗ್ಗೀತು, ಅದನ್ನು ತಡೆಯಬೇಕು ಎಂದು ಯೋಚಿಸಿ ತುಟಿಯನ್ನು ಆ ಕಡೆಗೆ ತಿರುಗಿಸಿದ್ದ. ನೀರು ಬರಲಿಲ್ಲ, ಎಣ್ಣೆ ಹೋಯಿತು. ಹೋದ ಗುರುವಾರ ಅರಕಲಗೂಡು ರಸ್ತೆಯ ಇಳಿಜಾರಿನಲ್ಲಿ ಡ್ರೈವರ್ ದೊಡ್ಡಯ್ಯ ಬ್ರೇಕ್ ತುಳಿದಾಗ ಎಡಗಾಲಿ ಹಿಡಿಯದೆ, ಬಲಗಾಲಿ ಮಾತ್ರ ಹಿಡಿದು, ಗಾಡಿ ಬಲಕ್ಕೆ ತಿರುಗಿ ಗದ್ದೆಗೆ ನುಗ್ಗಿತು. ಪಕ್ಕದಲ್ಲಿ ಕೂತಿದ್ದ ಪಂಚಾಕ್ಷರಯ್ಯನವರ ಮುಂಗೈ ಮುರಿಯಿತು.

ಸುದ್ದಿ ಕೇಳಿ ಓಡಿಬಂದ ಪಾಲಾಕ್ಷನನ್ನು ಅವರು ಕೇಳಿದ್ದು ಒಂದೇ ಮಾತು: "ಯಾಕಯ್ಯ ಹಿಂಗಾಯ್ತು?"

ಗಾಲಿ ಬಿಚ್ಚದೆಯೇ ಅವನು ಹೇಳಿಬಿಟ್ಟಿದ್ದ: "ಎಣ್ಣೆ ಜಾಸ್ತಿ ಹುಯ್ದವ್ರೆ ಸಾವ್ಕಾರ್ರೇ. ತುಂಬಿ ಚೆಲ್ಲದೆ."

ಎಣ್ಣೆ ಹುಯ್ಯುವವನು ದೊಡ್ಡಯ್ಯ. ಮರುದಿನವೇ ಸಂತೆಮಾಳದಲ್ಲಿ ಊರಿನವರ ಮುಂದೆ ಬೈಸಿಕೊಂಡು, ಕೆಲಸ ಕಳೆದುಕೊಂಡು, ಅವನು ತಲೆ ತಗ್ಗಿಸಿ ಹೋಗಿದ್ದ. ಅವನಿಗೆ ಐವತ್ತು ದಾಟಿತ್ತು.

"ಮೇಸ್ತ್ರಿಗಳೇ, ಕಾಫಿ."

ಪಾಲಾಕ್ಷ ಬೆಚ್ಚಿ ತಲೆಯೆತ್ತಿದ. ಪಂಚಾಕ್ಷರಯ್ಯನವರ ಮಗಳು ಗಂಗಾಂಬಿಕೆ. ಒಂದು ಕೈಯಲ್ಲಿ ಹಿತ್ತಾಳೆ ಲೋಟ, ಇನ್ನೊಂದು ಕೈಯಲ್ಲಿ ಜೀಪಿನ ಜೊತೆ ಬಂದಿದ್ದ ಇಂಗ್ಲಿಷ್ ಪುಸ್ತಕ. ಹಾಸನದಲ್ಲಿ ಹೈಸ್ಕೂಲು ಮುಗಿಸಿದವಳು. ನಕ್ಕರೆ ಎಡಗೆನ್ನೆ ಮಾತ್ರ ಮೊದಲು ನಗುತ್ತಿತ್ತು. ಅದನ್ನು ಅವನು ಎಂದೋ ಲೆಕ್ಕ ಹಾಕಿಟ್ಟಿದ್ದ. ಸೋಮವಾರ ಅವನ ತಾಯಿ ಹೆಣ್ಣು ಕೇಳಲು ಬರುವುದಿತ್ತು. ಬರಲಿ ಎಂದು ಪಂಚಾಕ್ಷರಯ್ಯನವರೇ ಹೇಳಿಕಳಿಸಿದ್ದರು.

ಅಂಗಳದ ತುಂಬ ಒಣಹಾಕಿದ ಕೊಬ್ಬರಿ. ಕಾಗೆ ಓಡಿಸಲು ಕೋಲು ಹಿಡಿದು ಜಗಲಿಯಲ್ಲಿ ಕೂತಿದ್ದ ಸೋದರತ್ತೆ ಸುವರ್ಣಮ್ಮ ಕಾಗೆಗಳಿಗಿಂತ ಇವರಿಬ್ಬರನ್ನೇ ಹೆಚ್ಚು ನೋಡುತ್ತಿದ್ದಳು.

"ಈ ಸಲ ಪುಸ್ತಕ ನಾನು ಓದ್ತೀನಿ. ನೀವು ಕೆಲಸ ಮಾಡಿ," ಎಂದಳು ಗಂಗಾಂಬಿಕೆ.

"ಯಾಕೆ ಅಮ್ಮಣ್ಣಿ, ನಾನೇ ಓದ್ಕತೀನಲ್ಲ."

"ಕೈಯೆಲ್ಲ ಎಣ್ಣೆ ನಿಮ್ದು." ಅವಳು ಪುಟ ತೆರೆದು, ಇಂಗ್ಲಿಷಿನಲ್ಲಿ ಒಂದು ಸಾಲು ಓದಿ, ಕನ್ನಡಕ್ಕೆ ತಂದಳು. "ಹೊಸ ಸೀಲು ಹಾಕೋ ಮುಂಚೆ ಚರ್ಮಾನ ಎಣ್ಣೇಲಿ ನೆನೆಸ್ಬೇಕು."

"ನೆನೆ ಹಾಕಿದ್ದೀನಿ."

"ಹಾಕುವಾಗ ತುಟಿ..." ಅವಳು ನಿಂತಳು. ಎಡಗೆನ್ನೆ ನಗುವುದಕ್ಕೆ ಹೊರಟಿತು. "ತುಟಿ ಬೇರಿಂಗ್ ಕಡೆಗೆ ಇರ್ಬೇಕು."

"ಏನೇ ಅದು, ತುಟಿ ಅಂತೀಯ?" ಜಗಲಿಯಿಂದ ಅತ್ತೆ ಕೂಗಿದಳು.

"ಗಾಡಿ ತುಟಿ ಕಣತ್ತೆ!"

"ಗಾಡಿಗೂ ತುಟಿ ಬಂದ್ವಾ! ಕಲಿಗಾಲ!" ಎಂದು ಅತ್ತೆ ಕೋಲೆತ್ತಿ ಇಲ್ಲದ ಕಾಗೆಯೊಂದನ್ನು ಓಡಿಸಿದಳು.

ಇನ್ಯಾವ ದಿನವಾದರೂ ಪಾಲಾಕ್ಷ ನಗುತ್ತಿದ್ದ. ಇಂದು ಅವನ ಕಿವಿಯವರೆಗೂ ಬಿಸಿಯೇರಿತು. ಗಂಗಾಂಬಿಕೆ ಕುಕ್ಕುರುಗಾಲಲ್ಲಿ ಕೂತು ಗೋಣಿತಾಟಿನ ಅಂಚನ್ನು ಬೆರಳ ತುದಿಯಿಂದ ಎತ್ತಿದಳು. ಹಳೆ ಸೀಲನ್ನು ನೋಡಿದಳು. ಮತ್ತೆ ಮುಚ್ಚಿದಳು.

"ಹೋದ ಸಲ ಯಾವ ಕಡೆಗೆ ಹಾಕಿದ್ರಿ?"

ಸುಳ್ಳು ನಾಲಿಗೆಯ ತುದಿಯಲ್ಲೇ ಇತ್ತು. ಅವಳ ಕಣ್ಣು ಅವನ ಮೇಲಿತ್ತು.

"ಉಲ್ಟಾ ಹಾಕಿದ್ದೆ," ಎಂದ. "ದೊಡ್ಡಯ್ಯಂದು ಏನೂ ತಪ್ಪಿಲ್ಲ. ನಂಗೆ ಇಂಗ್ಲಿಷ್ ಓದಕ್ಕೆ ಬರಕಿಲ್ಲ ಅಮ್ಮಣ್ಣಿ. ಮಿಲಿಟ್ರೀಲಿ ಹವಾಲ್ದಾರ ಮಾಡಿದ್ದು ನೋಡ್ಕಂಡು ಕಲಿತೋನು. ಬತ್ತದೆ ಅಂತ ನಿಮ್ಮ ಮುಂದೆ ಜಂಬ ಹೊಡ್ದೆ."

ಅವಳು ಬೈಯುತ್ತಾಳೆಂದು ಕಾದ. ಅವಳು ಪುಸ್ತಕ ಮುಚ್ಚಿ ಮಡಿಲಲ್ಲಿಟ್ಟುಕೊಂಡಳು.

"ನಂಗೊತ್ತಿತ್ತು."

"ಏನು?"

"ಓದಕ್ಕೆ ಬರಲ್ಲ ಅಂತ. ಅವತ್ತು ಅರ್ಧ ಗಂಟೆ ಹುಬ್ಬು ಗಂಟು ಹಾಕ್ಕೊಂಡು ನೋಡಿದ್ರಲ್ಲ, ಅದು ಹಾರನ್ ಪುಟ."

ಪಾಲಾಕ್ಷನಿಗೆ ಜೀಪಿನ ಕೆಳಗೇ ಮಲಗಿ ಅಲ್ಲೇ ಇದ್ದುಬಿಡೋಣ ಎನ್ನಿಸಿತು.

"ಹೇಳ್ಬಹುದಿತ್ತಲ್ಲ."

"ಹೇಳ್ಬೇಕಿತ್ತು." ಅವಳ ದನಿ ತಗ್ಗಿತು. "ನಾನು ಓದ್ತೀನಿ ಕೊಡಿ ಅಂದಿದ್ರೆ ಸಾಕಿತ್ತು. ನಿಮ್ಮ ಮುಖ ಸಣ್ಣಗಾಗೋದು ನೋಡಕ್ಕಾಗ್ದೆ ಸುಮ್ನಿದ್ದೆ. ಅಪ್ಪಾಜಿ ಕೈ ಮುರೀತು. ದೊಡ್ಡಯ್ಯನ್ನ ಓಡ್ಸಿದ್ರು. ಆಗ್ಲೂ ನಾನು ಬಾಯಿ ಬಿಡ್ಲಿಲ್ಲ." ಅವಳು ಅವನ ಕಡೆ ನೋಡಲಿಲ್ಲ. "ನಾಚಿಕೆ ನಿಮಗೊಬ್ರಿಗೇ ಅಂತ ತಿಳ್ಕೋಬೇಡಿ."

ಅವಳು ಮತ್ತೆ ಪುಸ್ತಕ ತೆರೆದಳು, ಅವನು ಕೆಲಸಕ್ಕೆ ಕೈ ಹಾಕಿದ. ರೇಷನ್ ಕೂಪನ್ನಿಗೆ ಸಿಕ್ಕ ಪೆಟ್ರೋಲಿನಲ್ಲಿ ಡ್ರಮ್ಮು ತೊಳೆದ. ಎಣ್ಣೆ ಕುಡಿದಿದ್ದ ಬ್ರೇಕ್ ಪಟ್ಟಿಗಳನ್ನು ತೆಗೆದು ಹೊಸವನ್ನು ಕೂರಿಸಿದ. ಹೊಸ ಸೀಲನ್ನು ಅವಳ ಮುಂದೆ ಹಿಡಿದು, "ಹಿಂಗಾ?" ಎಂದು ಕೇಳಿದ. ಅವಳು ಚಿತ್ರ ನೋಡಿ, ಸೀಲು ನೋಡಿ, "ಹ್ಞೂಂ, ಹಿಂಗೇ," ಎಂದ ಮೇಲೆಯೇ ಮರದ ತುಂಡಿಟ್ಟು ಸುತ್ತ ಮೆಲ್ಲಗೆ ತಟ್ಟಿ ಕೂರಿಸಿದ. ಬರ್ಮಾದಿಂದ ಬಂದ ಮೇಲೆ ಅವನು ಇನ್ನೊಬ್ಬರನ್ನು ಕೇಳಿ ಮಾಡಿದ ಮೊದಲ ಕೆಲಸ ಅದು.

ಕೆಲಸ ಮುಗಿಸಿ ಸೀದಾ ಒಳಗೆ ಹೋಗಿ ಪಂಚಾಕ್ಷರಯ್ಯನವರ ಮುಂದೆ ನಿಂತು ಎಲ್ಲವನ್ನೂ ಹೇಳಿದ. ಗಂಗಾಂಬಿಕೆಗೆ ಮೊದಲೇ ಗೊತ್ತಿತ್ತು ಎಂಬುದೊಂದನ್ನು ಬಿಟ್ಟು.

ಅವರು ಕೊರಳಿಗೆ ಕಟ್ಟಿದ ಕೈಯನ್ನು ಸರಿಮಾಡಿಕೊಂಡರು. "ನನ್ನ ಕೈ ಬಿಡಯ್ಯ, ಕೂಡ್ಕತದೆ. ಆ ಮನುಷ್ಯನ್ನ ನಿನ್ನ ಮಾತು ನಂಬಿ ಸಂತೇಲಿ ನಿಲ್ಸಿ ಬೈದೆನಲ್ಲ. ಸಂತೇಲಿ ಆಡಿದ ಮಾತನ್ನ ಸಂತೇಲೇ ವಾಪಸ್ ತಗೋಬೇಕು. ನಾಳೆ ಬಾ. ನಾನೂ ಬತ್ತೀನಿ." ಅವನು ಬಾಗಿಲು ದಾಟುವಾಗ ಸೇರಿಸಿದರು, "ನಿಮ್ಮವ್ವನಿಗೆ ಸೋಮವಾರ ಬರೋದು ಬ್ಯಾಡ ಅಂತ ಹೇಳು."

ಶುಕ್ರವಾರ ಬೆಳಿಗ್ಗೆ ಹತ್ತು ಗಂಟೆಗೆ ಸಂತೆಮಾಳ ತುಂಬಿತ್ತು. ಹೇಳಿಕಳಿಸಿದ್ದರಿಂದ ದೊಡ್ಡಯ್ಯ ಬಂದು, ಹೆಗಲ ಟವಲ್ಲನ್ನು ತೆಗೆಯದೆ ದೂರದಲ್ಲಿ ನಿಂತಿದ್ದ. ಪಂಚಾಕ್ಷರಯ್ಯನವರು ಮೊದಲು ಮಾತಾಡಿದರು. "ಇವನನ್ನ ಬೈದಿದ್ದು ನನ್ನ ತಪ್ಪು." ಆಮೇಲೆ ಪಾಲಾಕ್ಷ. ಅವನು ದೊಡ್ಡಯ್ಯನ ಕಡೆ ತಿರುಗಿ ನಿಂತ.

"ಸೀಲು ಉಲ್ಟಾ ಹಾಕಿದ್ದು ನಾನು. ದೊಡ್ಡಯ್ಯ ಎಣ್ಣೆ ಸರಿಯಾಗೇ ಹುಯ್ದಿದ್ದ. ಸುಳ್ಳು ಹೇಳಿದ್ದೂ ನಾನೇ. ಓದು ಬಾರದೋನು ಬತ್ತದೆ ಅಂತ ಹೇಳ್ಕಂಡೆ."

"ಮೆಕ್ಯಾನಿಕ್ಕಾ, ಮೆಣಸಿನಕಾಯಿ ಯಾಪಾರದೋನಾ?" ಯಾರೋ ಅಂದರು. ನಾಲ್ಕು ಜನ ನಕ್ಕರು. ಪಾಲಾಕ್ಷ ನೆಲ ನೋಡುತ್ತ ನಿಂತ.

"ನಂಗೂ ಗೊತ್ತಿತ್ತು."

ಹೆಣ್ಣುದನಿ. ಬಳೆ ಅಂಗಡಿಯ ಪಕ್ಕದಿಂದ, ಅತ್ತೆಯ ಕೈಬಿಡಿಸಿಕೊಂಡು ಗಂಗಾಂಬಿಕೆ ಮುಂದೆ ಬಂದಳು. ಸಾವ್ಕಾರರ ಮಗಳು ಸಂತೆಯ ನಡುವೆ ಬಾಯಿ ತೆರೆದದ್ದನ್ನು ಆ ಊರು ನೋಡಿರಲಿಲ್ಲ.

"ಇವರಿಗೆ ಓದಕ್ಕೆ ಬರಲ್ಲ ಅಂತ ಗೊತ್ತಿದ್ದೂ ನಾನು ಹೇಳ್ಲಿಲ್ಲ. ಅವರನ್ನ ನೋಡಿ ನಗೋರು ನನ್ನನ್ನೂ ನೋಡಿ ನಗ್ಬೇಕು." ಅವಳ ಮುಖ ಕುಂಕುಮದಷ್ಟು ಕೆಂಪಾಗಿತ್ತು. ಆದರೂ ಅವನ ಪಕ್ಕಕ್ಕೆ ಬಂದು, ಒಂದು ಮೊಳ ದೂರದಲ್ಲಿ ನಿಂತಳು.

ಯಾರೂ ನಗಲಿಲ್ಲ. ಪಂಚಾಕ್ಷರಯ್ಯನವರು ಮಗಳನ್ನೇ ನೋಡಿದರು, ಆಮೇಲೆ ಪಾಲಾಕ್ಷನನ್ನು. ಇವನು ಯಾವ ಮಾತನ್ನು ತಮ್ಮಿಂದ ಮುಚ್ಚಿಟ್ಟಿದ್ದ, ಯಾರಿಗಾಗಿ ಎಂಬುದು ಅವರಿಗೆ ಹೊಳೆದಂತಿತ್ತು.

ದೊಡ್ಡಯ್ಯ ಟವಲ್ಲು ಕೊಡವಿ ಹತ್ತಿರ ಬಂದ. "ಸಾವ್ಕಾರ್ರೇ, ಕೆಲ್ಸಕ್ಕೆ ಬತ್ತೀನಿ. ಆದ್ರೆ ಒಂದು ಮಾತು. ಅದೇ ಇಳಿಜಾರಲ್ಲಿ ಗಾಡಿ ಬಿಡ್ತೀನಿ. ರಿಪೇರಿ ಮಾಡಿದೋನು ಹಿಂದ್ಗಡೆ ಕೂತ್ಕಬೇಕು. ಪುಸ್ತಕ ಓದಿದೋರೂ ಕೂತ್ಕಬೇಕು. ಬ್ರೇಕ್ ಹಿಡೀನಿಲ್ಲ ಅಂದ್ರೆ ಎಲ್ಲಾರೂ ಒಟ್ಗೆ ಗದ್ದೆಗೆ."

"ನಾನೂ ಕೂತ್ಕತೀನಿ," ಎಂದರು ಪಂಚಾಕ್ಷರಯ್ಯನವರು. "ಇನ್ನೊಂದು ಕೈ ಅದೆಯಲ್ಲ."

ಇಳಿಜಾರಿನ ಅರ್ಧದಲ್ಲಿ ದೊಡ್ಡಯ್ಯ ಬ್ರೇಕ್ ತುಳಿದ. ಜೀಪು ಎಡಕ್ಕೂ ಹೋಗಲಿಲ್ಲ, ಬಲಕ್ಕೂ ಹೋಗಲಿಲ್ಲ. ನೆಟ್ಟಗೆ ನಿಂತಿತು. ದೊಡ್ಡಯ್ಯ ಇಳಿದು ಎಡಗಾಲಿಯ ಹಿಂಬದಿಗೆ ಬೆರಳಾಡಿಸಿ, ಬೆರಳನ್ನು ಯಜಮಾನರಿಗೆ ತೋರಿಸಿದ. ಒಣಗಿತ್ತು.

ಪಂಚಾಕ್ಷರಯ್ಯನವರು ಹಿಂದೆ ತಿರುಗದೆ ಅಂದರು, "ಸೋಮವಾರ ನಿಮ್ಮವ್ವ ಬರ್ಲಿ ಕಣಯ್ಯ."

ಗಾಡಿ ಮತ್ತೆ ಹೊರಟಿತು. ಗಾಳಿಗೆ ಅವಳ ಸೆರಗಿನ ಅಂಚು ಅವನ ತೋಳಿಗೆ ಬಡಿಯುತ್ತಿತ್ತು.

"ಇನ್ನೂ ನಾಚಿಕೆ ಆಗ್ತಿದೆಯಾ?" ಅವಳು ಮೆಲ್ಲಗೆ ಕೇಳಿದಳು.

"ಆಯ್ತದೆ. ದೊಡ್ಡಯ್ಯನ ಬೆನ್ನು ನೋಡಿದ್ರೆ ಆಯ್ತದೆ."

"ನಂಗೂ."

ಗಾಡಿ ಕುಲುಕಿದಾಗ ಸೀಟಿನ ಮೇಲೆ ಊರಿದ್ದ ಅವಳ ಕೈ ಅವನ ಕೈಗೆ ತಾಗಿತು. ಅವಳು ತೆಗೆಯಲಿಲ್ಲ.