ಬ್ರಾಹ್ಮಿ ಕಲಿತ ಸರ್ವ್

"ಚೆಂಡಿನ ಮ್ಯಾಲ ಯಾಕ ಇಷ್ಟು ಸಿಟ್ಟರಿ?"

ಹಿಂದಿನಿಂದ ನಗುತ್ತ ಬಂದ ದನಿಗೆ ಬ್ರಾಹ್ಮಿ ಬೆಚ್ಚಿ ತಿರುಗಿದಳು. ಐದನೇ ಸಲವೂ ಅವಳ ಸರ್ವ್ ನೆಟ್ಟಿಗೆ ಬಡಿದಿತ್ತು. ನಗಲಿಕ್ಕೆ ಇವನ್ಯಾರು!

ಮುಂಬೈ ರಾಜ್ಯದ ದಿನಗಳವು, ೧೯೫೪. ಜಮಖಂಡಿ ಕ್ಲಬ್ಬಿನ ಕೆಮ್ಮಣ್ಣಿನ ಕೋರ್ಟಿನಲ್ಲಿ ಹೆಣ್ಣುಮಗಳು ರಾಕೆಟ್ ಹಿಡಿದರೆ ರಸ್ತೆಯಲ್ಲಿ ಸೈಕಲ್ಲುಗಳು ನಿಲ್ಲುತ್ತಿದ್ದ ಕಾಲ. ತೇರದಾಳದ ಬ್ರಾಹ್ಮಿ ಜಮಖಂಡಿಯ ಶಾಲೆಯಲ್ಲಿ ಪಾಠ ಹೇಳುವ ಅಕ್ಕೋರು. ಮುಧೋಳದ ಟೆನಿಸ್ ಪಂದ್ಯಕ್ಕೆ ಧೈರ್ಯ ಮಾಡಿ ಹೆಸರು ಕೊಟ್ಟಿದ್ದಳು.

ನಕ್ಕವನು ಜಿನೇಂದ್ರ. ಬನಹಟ್ಟಿಯ ನೂಲಿನ ವ್ಯಾಪಾರಿಯ ಮಗ, ಪುಣೆಯಲ್ಲಿ ಓದುವಾಗ ಆಟ ಕಲಿತವನು.

"ಚೆಂಡು ಒಗೀಬ್ಯಾಡ್ರಿ, ಬೆರಳ ತುದಿಲೆ ಮ್ಯಾಲ ಎತ್ತಿ ಬಿಡ್ರಿ. ಕೈ ನೆಟ್ಟಗಿರಲಿ. ಅಡ್ಡ ನಿಂದರ್ರಿ... ಈಗ ಮೈ ಪೂರಾ ಚಾಚಿ ಹೊಡೀರಿ. ಕಣ್ಣು ತಗ್ಗಿಸಬ್ಯಾಡ್ರಿ!"

ದಿನಾ ಸಂಜೆ ಅದೇ ಪಾಠ. ರಾಕೆಟ್ ಬೆನ್ನ ಹಿಂದೆ ಇಳಿಯಬೇಕು, ಮಣಿಕಟ್ಟು ಸಡಿಲವಿರಬೇಕು... ಒಮ್ಮೆಯೂ ಅವನು ಅವಳ ಕೈ ಮುಟ್ಟಲಿಲ್ಲ. ದೂರ ನಿಂತು ತಾನೇ ಮಾಡಿ ತೋರಿಸುತ್ತಿದ್ದ. ಇಂದಿಗೂ ಬ್ರಾಹ್ಮಿ ಅಜ್ಜಿ ಆ ಸಂಜೆಗಳ ಮಾತೆತ್ತಿದರೆ ದನಿ ಮೆತ್ತಗಾಗುತ್ತದೆ.

ಇಪ್ಪತ್ತನೇ ದಿನ ಚೆಂಡು ಸರ್ರನೆ ನೆಟ್ ದಾಟಿ ಗೆರೆಯೊಳಗೆ ಬಿತ್ತು!

"ಆತು ನೋಡ್ರಿ!" ಜಿನೇಂದ್ರ ಹುಡುಗನಂತೆ ಕುಣಿದ. ಬ್ರಾಹ್ಮಿಗೆ ಅಂದೇ ಗೊತ್ತಾಯಿತು, ಮನಸ್ಸು ತನ್ನ ಹತ್ತಿರ ಉಳಿದಿಲ್ಲ...

ಮರುದಿನ ಕ್ಲಬ್ಬಿನ ಬಾಗಿಲಲ್ಲಿ ಗೆಳತಿ ಸುಂದರವ್ವ ಕಿಚಾಯಿಸಿದಳು. "ಏನ್ ಬೇ, ಲಗ್ನದ ಊಟ ಯಾವಾಗ?"

ನಾಚಿಕೆಗೆ ಬಾಯಿಂದ ಬೇರೆಯೇ ಮಾತು ಬಂತು. "ಹುಚ್ಚಿ! ಅವರು ಆಟ ಕಲಿಸಾವ್ರು ಅಷ್ಟ. ಪಂದ್ಯ ಮುಗಿದ್ರ ಅವರ್ಯಾರೋ, ನಾ ಯಾರೋ!"

ತಿರುಗಿದರೆ, ಬೆನ್ನ ಹಿಂದೆಯೇ ಜಿನೇಂದ್ರ! ಸೈಕಲ್ ಹತ್ತಿ ಹೋದವನು ಮತ್ತೆ ಕೋರ್ಟಿಗೆ ಬರಲಿಲ್ಲ.

ಮುಧೋಳದಲ್ಲಿ ಬ್ರಾಹ್ಮಿ ಸೋತಳು. ಸೋಲಿಗೆ ಅಳು ಬರಲಿಲ್ಲ. ಮಂದಿಯ ನಡುವೆ ಹುಡುಕಿದ ಮುಖ ಕಾಣಲಿಲ್ಲವಲ್ಲ, ಅದಕ್ಕೆ ಬಂತು. ಕಣ್ಣೊರೆಸಿಕೊಂಡು ನೇರ ಬನಹಟ್ಟಿಯ ಮೋಟಾರು ಬಸ್ಸು ಹತ್ತಿದಳು.

ಅಂಗಡಿಯಲ್ಲಿ ಜಿನೇಂದ್ರ ನೂಲಿನ ಗಂಟು ಕಟ್ಟುತ್ತಿದ್ದ.

"ನಾ ಸೋತೆರಿ," ಅಂದಳು. "ಆದ್ರ ಒಂದ ಸರ್ವೂ ನೆಟ್ಟಿಗಿ ಬೀಳಲಿಲ್ಲ."

"ಛಲೋ ಆತು. ಪಂದ್ಯ ಮುಗೀತಲ್ಲ... ಇನ್ನ ನಾ ಯಾರೋ."

"ಆ ಮಾತು ನಾಚಿಕಿಗಿ ಅಂದಿದ್ದೆರಿ! ಖರೆ ಹೇಳತೇನಿ, ನೀವಿಲ್ಲದ ಊರಾಗ ಇರಾಕ ಮನಸ ಆಗವಲ್ದು..."

ಅವನ ಕೈ ನಿಂತಿತು. ಗಂಟು ಬದಿಗಿಟ್ಟು ಎದ್ದ.

"ನಾಳೆ ಅವ್ವನ್ನ ಕರಕೊಂಡು ತೇರದಾಳಕ್ಕ ಬರಲೇನ್ರಿ?"

"ನಾಳೆ ಯಾಕ?" ಬ್ರಾಹ್ಮಿ ಕಣ್ಣೀರಿನಲ್ಲೇ ನಕ್ಕಳು. "ತೇರದಾಳಕ್ಕ ಹೋಗು ಮೋಟಾರು ಇನ್ನೂ ಹೊರಗ ನಿಂತೈತ್ರಿ..."